ಗಲ್ಲಾಪೆಟ್ಟಿಗೆಯ ದುಡ್ಡೆಲ್ಲ ನಮ್ಮದಲ್ಲ

(ಸಣ್ಣ ವ್ಯಾಪಾರ ನಡೆಸುವ ಕನ್ನಡ ಕುಟುಂಬಗಳಿಗಾಗಿ ಕ್ಯಾಂಟನ್‌ನಲ್ಲಿ ಮಾಡಿದ ಭಾಷಣದ ಬರಹ ರೂಪ)



ಟ್ಯಾಕ್ಸ್ ವಿಷಯದ ಭಾಷಣವನ್ನು ಊಟಕ್ಕೆ ಮೊದಲು ಇಟ್ಟಿರುವುದು ಸಂಘಟಕರ ಜಾಣತನ. ಊಟವಾದ ಮೇಲೆ ಇಟ್ಟಿದ್ದರೆ ಅರ್ಧ ಸಭೆ ನಿದ್ದೆ ಮಾಡುತ್ತಿತ್ತು, ಇನ್ನರ್ಧ ಸಭೆ ಪಾರ್ಕಿಂಗ್ ಲಾಟಿನಲ್ಲಿ ಇರುತ್ತಿತ್ತು. ನಿಮ್ಮ ಹಸಿವು ನನಗೆ ಗೊತ್ತು. ಆದಷ್ಟು ಚಿಕ್ಕದಾಗಿ ಹೇಳುತ್ತೇನೆ.

ನಮ್ಮಲ್ಲಿ ಈ ಕಡೆಗೆ ಮೊದಮೊದಲು ಬಂದವರಲ್ಲಿ ಹೆಚ್ಚಿನವರು ಇಂಜಿನಿಯರುಗಳು, ಡಾಕ್ಟರುಗಳು. ಸಂಬಳ ಕೊಡುವವರೇ ಟ್ಯಾಕ್ಸ್ ಹಿಡಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತಿದ್ದರು. ಕೈಗೆ ಬಂದದ್ದೆಲ್ಲ ನಮ್ಮದೇ ಎನ್ನುವುದು ಸಂಬಳದವರಿಗೆ ಅಭ್ಯಾಸವಾಗಿಬಿಟ್ಟಿದೆ. ಈಗ ಅದೇ ಮನೆಗಳಲ್ಲಿ ಒಬ್ಬರು ಕೇಟರಿಂಗ್ ಮಾಡುತ್ತಾರೆ, ಒಬ್ಬರು ಸಂಗೀತ ಹೇಳಿಕೊಡುತ್ತಾರೆ, ಇನ್ನೊಬ್ಬರು ಕನ್ಸಲ್ಟಿಂಗ್, ಡೇ ಕೇರ್, ರಿಯಲ್ ಎಸ್ಟೇಟ್, ಅಂಗಡಿ, ಹೋಟೆಲ್. ಬಹಳ ಸಂತೋಷ. ಆದರೆ ವ್ಯಾಪಾರದಲ್ಲಿ ಕೈಗೆ ಬಂದದ್ದೆಲ್ಲ ನಮ್ಮದಲ್ಲ. ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರಣೆ.

ಇದು ಅಮೆರಿಕದವರು ಹೊಸದಾಗಿ ಕಂಡುಹಿಡಿದ ವಿಷಯವೇನೂ ಅಲ್ಲ. ನಮ್ಮ ಊರುಗಳ ಅಂಗಡಿಗಳಲ್ಲಿ ದೀಪಾವಳಿಯ ದಿನ ಲಕ್ಷ್ಮಿಯ ಪಕ್ಕದಲ್ಲಿ ಹೊಸ ಲೆಕ್ಕದ ಪುಸ್ತಕ ಇಟ್ಟು ಪೂಜೆ ಮಾಡುತ್ತಾರೆ. ದಿನದ ವ್ಯವಹಾರ ಬರೆಯುವುದಕ್ಕೆ ಕಿರ್ದಿ, ಯಾರದು ಎಷ್ಟು ಎಂದು ತಿಳಿಯುವುದಕ್ಕೆ ಖಾತೆ. ಜಮಾ, ಖರ್ಚು, ಉದ್ರಿ, ಶಿಲ್ಕು ಎಂಬ ಮಾತುಗಳು ನಮ್ಮ ಅಜ್ಜಂದಿರ ಬಾಯಲ್ಲಿ ಇದ್ದವು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಕಥೆ ನಿಮಗೆಲ್ಲ ಗೊತ್ತು. ಭಂಡಾರದ ದುಡ್ಡು ಬೇರೆ ಕಡೆ ಹೋಗುತ್ತಿದೆ ಎಂದು ಚಾಡಿ ಹೇಳಿದವರ ಮುಂದೆ ಪೆಟ್ಟಿಗೆ ತೆಗೆದು ಎಣಿಸಿದಾಗ ಲೆಕ್ಕ ಸರಿಯಾಗಿತ್ತಂತೆ. ವ್ಯಾಪಾರ ಮಾಡುವ ನಾವೂ ಒಂದು ರೀತಿಯಲ್ಲಿ ಭಂಡಾರಿಗಳೇ. ನಮ್ಮ ಗಲ್ಲಾದಲ್ಲಿ ಯಾರು ಯಾರ ದುಡ್ಡು ಇರುತ್ತದೆ, ಒಂದೊಂದಾಗಿ ನೋಡೋಣ.

ಒಂದು: ರಾಜ್ಯ ಸರ್ಕಾರದ ದುಡ್ಡು

ಮಿಶಿಗನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಶೇಕಡಾ 6. ಊರೂರಿಗೆ ಬೇರೆ ದರ ಇಲ್ಲ, ಅದೊಂದು ಅನುಕೂಲ. ಅಕ್ಕಿ, ಬೇಳೆ, ತರಕಾರಿಗೆ ಟ್ಯಾಕ್ಸ್ ಇಲ್ಲ. ಬಿಸಿಬಿಸಿಯಾಗಿ ಬಡಿಸುವ ದೋಸೆಗೆ, ಕೇಟರಿಂಗ್ ಊಟಕ್ಕೆ ಇದೆ. ಫೋರ್ಡ್ ರೋಡಿನಲ್ಲಿ ಒಂದು ಹೋಟೆಲ್ ಇದೆ, ದಿನಕ್ಕೆ ಟ್ಯಾಕ್ಸ್ ಸೇರಿ 1,060 ಡಾಲರ್ ಬರುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ 60 ಡಾಲರ್ ನಿಮ್ಮದಲ್ಲ. ಗಿರಾಕಿ ಅದನ್ನು ಸರ್ಕಾರಕ್ಕೆ ತಲುಪಿಸಿ ಎಂದು ನಿಮ್ಮ ಕೈಗೆ ಕೊಟ್ಟಿದ್ದಾನೆ. 30 ದಿನಕ್ಕೆ 1,800 ಡಾಲರ್. ತಿಂಗಳ ಕೊನೆಯಲ್ಲಿ ಬಾಡಿಗೆ ಕಟ್ಟಬೇಕು, ತರಕಾರಿಯವನಿಗೆ ಕೊಡಬೇಕು, ಕೈಯಲ್ಲಿ ಈ 1,800 ಇದೆ. ಅಲ್ಲೇ ಮನಸ್ಸು ಜಾರುವುದು. ಪ್ರತಿ ತಿಂಗಳು ರಿಟರ್ನ್ ಹಾಕುವವರು ಮುಂದಿನ ತಿಂಗಳ 20ನೇ ತಾರೀಖಿನೊಳಗೆ ಅದನ್ನು ಲ್ಯಾನ್ಸಿಂಗಿಗೆ ಕಟ್ಟಬೇಕು.

ಶಿಕಾಗೋ ಕಡೆಯವರಿಗೆ ಒಂದು ಮಾತು. ಇಲಿನಾಯ್ ರಾಜ್ಯದ ಮೂಲ ದರ ಶೇಕಡಾ 6.25. ಅದರ ಮೇಲೆ ಕೌಂಟಿ, ಊರು ಇವುಗಳದ್ದೂ ಸೇರುತ್ತದೆ. ನೇಪರ್‌ವಿಲ್‌ನಲ್ಲಿ ಒಂದು ಲೆಕ್ಕ, ಶಿಕಾಗೋದಲ್ಲಿ ಇನ್ನೊಂದು. ನಿಮ್ಮ ಅಂಗಡಿಯ ವಿಳಾಸಕ್ಕೆ ಎಷ್ಟು ಎಂದು ರಾಜ್ಯದ ರೆವಿನ್ಯೂ ಇಲಾಖೆಯಲ್ಲೇ ನೋಡಿಕೊಳ್ಳಿ. ಪಕ್ಕದ ಊರಿನ ಗೆಳೆಯನನ್ನು ಕೇಳಿ ಹಾಕಬೇಡಿ.

ಎರಡು: ಕೆಲಸದವರ ದುಡ್ಡು

ಇದು ಎಲ್ಲಕ್ಕಿಂತ ಅಪಾಯದ ಜಾಗ. ದಯವಿಟ್ಟು ಗಮನವಿಟ್ಟು ಕೇಳಿ.

ಒಬ್ಬ ಅಡುಗೆಯವನಿಗೆ ವಾರಕ್ಕೆ 600 ಡಾಲರ್ ಸಂಬಳ. ಅದರಲ್ಲಿ ಸೋಷಿಯಲ್ ಸೆಕ್ಯೂರಿಟಿಗೆ ಶೇಕಡಾ 6.2, ಮೆಡಿಕೇರ್‌ಗೆ ಶೇಕಡಾ 1.45, ಒಟ್ಟು 45 ಡಾಲರ್ 90 ಸೆಂಟ್ ಹಿಡಿಯಬೇಕು. ಅಷ್ಟೇ ಮೊತ್ತವನ್ನು ನಿಮ್ಮ ಕೈಯಿಂದ ಸೇರಿಸಬೇಕು. ಅವನ ಫೆಡರಲ್ ಮತ್ತು ಮಿಶಿಗನ್ ಇನ್‌ಕಮ್ ಟ್ಯಾಕ್ಸನ್ನೂ ಹಿಡಿಯಬೇಕು. ಅಂಗಡಿ ಡೆಟ್ರಾಯಿಟ್ ನಗರದೊಳಗೆ ಇದ್ದರೆ ನಗರದ ಟ್ಯಾಕ್ಸೂ ಇದೆ: ಅಲ್ಲೇ ವಾಸವಿರುವವರಿಗೆ ಶೇಕಡಾ 2.4, ಹೊರಗಿನಿಂದ ಬಂದು ಕೆಲಸ ಮಾಡುವವರಿಗೆ ಶೇಕಡಾ 1.2. ಕ್ಯಾಂಟನ್‌ನಲ್ಲಿ ಅಂಥದ್ದು ಇಲ್ಲ. ಇವನ್ನೆಲ್ಲ ಕಾಲಕಾಲಕ್ಕೆ ಕಟ್ಟಿ, ಹೆಚ್ಚಿನವರು ಮೂರು ತಿಂಗಳಿಗೊಮ್ಮೆ ಫಾರ್ಮ್ 941 ಕಳಿಸಬೇಕು.

ಅವನ ಸಂಬಳದಿಂದ ಹಿಡಿದ ಹಣವನ್ನು ಕಾನೂನು ಟ್ರಸ್ಟ್ ಹಣ ಎಂದು ಕರೆಯುತ್ತದೆ. ಅಂದರೆ ನಂಬಿ ಇಟ್ಟ ಹಣ. ಅದನ್ನು ಕಟ್ಟದೆ ಬಾಡಿಗೆಗೋ ಸಾಮಾನಿಗೋ ಬಳಸಿಕೊಂಡರೆ ಐಆರ್‌ಎಸ್ ಆ ಪೂರ್ತಿ ಮೊತ್ತವನ್ನು ದಂಡದ ರೂಪದಲ್ಲಿ ನಿಮ್ಮಿಂದಲೇ ವಸೂಲು ಮಾಡಬಹುದು. "ನಮ್ಮದು ಎಲ್‌ಎಲ್‌ಸಿ ಇದೆ, ಮನೆಗೆ ತೊಂದರೆ ಇಲ್ಲ" ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ದಿವಾಳಿ ಅರ್ಜಿ ಹಾಕಿದರೂ ಈ ಬಾಕಿ ಹೋಗುವುದಿಲ್ಲ. ಮಿಶಿಗನ್ ರಾಜ್ಯವೂ ಸೇಲ್ಸ್ ಟ್ಯಾಕ್ಸ್ ಮತ್ತು ಸಂಬಳದಿಂದ ಹಿಡಿದ ಟ್ಯಾಕ್ಸಿನ ಬಾಕಿಗೆ ಕಂಪನಿಯ ಜವಾಬ್ದಾರರನ್ನೇ ಹಿಡಿಯಬಹುದು.

ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿ ಹೆಂಡತಿಯ ಹೆಸರಿನಲ್ಲಿ ಕಂಪನಿ ತೆಗೆಯುವುದು, ಅಣ್ಣನಿಗೆ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಕೊಡುವುದು ಸಾಮಾನ್ಯ. ಯಾರಿಗೆ ಮೊದಲು ದುಡ್ಡು ಕೊಡಬೇಕು ಎಂದು ತೀರ್ಮಾನಿಸುವ ಅಧಿಕಾರ ಇದ್ದು, ಟ್ಯಾಕ್ಸ್ ಬಾಕಿ ಇರುವುದು ತಿಳಿದೂ ಬೇರೆಯವರಿಗೆ ಚೆಕ್ಕು ಬರೆದವರು ಈ ದಂಡಕ್ಕೆ ಸಿಕ್ಕಿಕೊಳ್ಳಬಹುದು. ಹಾಗಾಗಿ ಅಕ್ಕ ತಂಗಿಯರೇ, ಗಂಡ ಮುಂದಿಟ್ಟ ಚೆಕ್ ಬುಕ್ಕಿಗೆ ಸಹಿ ಹಾಕುವ ಮೊದಲು "941 ಕಟ್ಟಿದ್ದೀರಾ?" ಎಂದು ಒಂದು ಮಾತು ಕೇಳಿ. ಅದರಲ್ಲಿ ಅಪನಂಬಿಕೆ ಏನೂ ಇಲ್ಲ.

"ಕಾಂಟ್ರಾಕ್ಟರ್ ಅಂತ ಬರೆದು ಕ್ಯಾಷ್ ಕೊಟ್ಟರಾಯಿತಲ್ಲ?" ಎಂದು ಕೇಳುವವರಿದ್ದಾರೆ. ನಿಮ್ಮ ಅಡುಗೆಮನೆಯಲ್ಲಿ, ನೀವು ಹೇಳಿದ ಹೊತ್ತಿಗೆ ಬಂದು, ನೀವು ಹೇಳಿದ ಹಾಗೆ ದೋಸೆ ಹುಯ್ಯುವವನು ನೌಕರನೇ. ಹೆಸರು ಬದಲಾಯಿಸಿದರೆ ಸಂಬಂಧ ಬದಲಾಗುವುದಿಲ್ಲ. ನಿಜವಾದ ಕಾಂಟ್ರಾಕ್ಟರ್ ಆದರೆ ಮೊದಲ ಚೆಕ್ಕು ಕೊಡುವ ಮೊದಲೇ ಡಬ್ಲ್ಯು-9 ಬರೆಸಿಕೊಳ್ಳಿ. 2025ರವರೆಗೆ ವರ್ಷಕ್ಕೆ 600 ಡಾಲರ್ ಕೊಟ್ಟರೆ 1099-ಎನ್‌ಇಸಿ ಕಳಿಸಬೇಕಿತ್ತು. 2026ರಿಂದ ಕೊಡುವ ಹಣಕ್ಕೆ ಆ ಮಿತಿ 2,000 ಡಾಲರ್.

ಮೂರು: ನಮ್ಮ ಪಾಲಿನ ಟ್ಯಾಕ್ಸ್

ಮನೆಯಲ್ಲೇ ಸಂಗೀತ ಹೇಳಿಕೊಡುವ ಒಬ್ಬ ತಾಯಿಯ ಲೆಕ್ಕ ಹಾಕೋಣ. ವರ್ಷಕ್ಕೆ 18,000 ಡಾಲರ್ ಫೀಸು ಬಂತು, 4,000 ಖರ್ಚು ಹೋಯಿತು, 14,000 ಉಳಿಯಿತು. ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಸುಮಾರು 1,980. ಯಜಮಾನರ ಸಂಬಳ ಸೇರಿ ಶೇಕಡಾ 22ರ ಮಟ್ಟದಲ್ಲಿದ್ದರೆ, ಸಿಗುವ ಕಡಿತಗಳನ್ನು ಕಳೆದ ಮೇಲೂ ಫೆಡರಲ್ ಟ್ಯಾಕ್ಸ್ ಸುಮಾರು 2,290. ಮಿಶಿಗನ್‌ಗೆ ಶೇಕಡಾ 4.25ರಂತೆ ಸುಮಾರು 550. ಒಟ್ಟು 4,800ಕ್ಕೂ ಸ್ವಲ್ಪ ಹೆಚ್ಚು. ಅಂದರೆ ಲಾಭದ ಮೂರರಲ್ಲಿ ಒಂದು ಪಾಲು! ಇದನ್ನು ಏಪ್ರಿಲ್‌ನಲ್ಲಿ ಮೊದಲ ಸಲ ಕೇಳಿದರೆ ಯಾರಿಗಾದರೂ ಗಾಬರಿಯಾಗುತ್ತದೆ.

ಏಪ್ರಿಲ್‌ವರೆಗೆ ಕಾಯುವುದೂ ಸರಿಯಲ್ಲ. ವರ್ಷದ ಕೊನೆಗೆ 1,000 ಡಾಲರ್ ಅಥವಾ ಹೆಚ್ಚು ಬಾಕಿ ಬರುವ ಹಾಗಿದ್ದರೆ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15 ಹೀಗೆ ನಾಲ್ಕು ಕಂತು ಕಟ್ಟಬೇಕು. ಹಿಂದಿನ ವರ್ಷದ ಒಟ್ಟು ಟ್ಯಾಕ್ಸಿನಷ್ಟು ಕಟ್ಟಿದ್ದರೆ ಕಡಿಮೆ ಕಟ್ಟಿದ ದಂಡ ಬೀಳುವುದಿಲ್ಲ. ಹಿಂದಿನ ವರ್ಷದ ಆದಾಯ 1,50,000 ಡಾಲರ್ ದಾಟಿದ್ದರೆ ಅದರ ಶೇಕಡಾ 110 ಕಟ್ಟಬೇಕು. ಕಂತಿನ ತಲೆನೋವು ಬೇಡವೆನ್ನುವವರಿಗೆ ಒಂದು ಸುಲಭ ದಾರಿ: ಸಂಬಳ ಬರುವವರು ಆಫೀಸಿನಲ್ಲಿ ಡಬ್ಲ್ಯು-4 ಬದಲಾಯಿಸಿ ಸ್ವಲ್ಪ ಹೆಚ್ಚು ಹಿಡಿಸಿಕೊಳ್ಳಬಹುದು.

ಹಾಗಾದರೆ ಏನು ಮಾಡಬೇಕು?

ಎರಡು ಬ್ಯಾಂಕ್ ಅಕೌಂಟು ತೆಗೆಯಿರಿ. ಮನೆಯ ಅಕೌಂಟಿಗೂ ಇವಕ್ಕೂ ಸಂಬಂಧ ಇರಬಾರದು. ಮೊದಲನೆಯದು ವ್ಯಾಪಾರದ್ದು: ಬರುವುದೆಲ್ಲ ಅಲ್ಲಿಗೆ, ವ್ಯಾಪಾರದ ಖರ್ಚೆಲ್ಲ ಅಲ್ಲಿಂದ. ಎರಡನೆಯದು ಬೇರೆಯವರ ದುಡ್ಡಿನದು. ವಾರಕ್ಕೊಮ್ಮೆ ಸೇಲ್ಸ್ ಟ್ಯಾಕ್ಸ್, ಸಂಬಳದಿಂದ ಹಿಡಿದದ್ದು, ಲಾಭದ ಮೂರನೇ ಒಂದು ಪಾಲು ಇವನ್ನು ಅಲ್ಲಿಗೆ ಸರಿಸಿಬಿಡಿ. ಅದಕ್ಕೆ ಡೆಬಿಟ್ ಕಾರ್ಡ್ ತೆಗೆದುಕೊಳ್ಳಬೇಡಿ. ಮಗಳ ಅರಂಗೇಟ್ರಂಗೂ ಅದನ್ನು ಮುಟ್ಟಬೇಡಿ.

ವಾರಕ್ಕೆ ಅರ್ಧ ಗಂಟೆ ಕಿರ್ದಿಗೆ ಮೀಸಲಿಡಿ. ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ನೋಟ್‌ಬುಕ್ ಸಾಕು. ತಾರೀಖು, ಯಾರು, ಎಷ್ಟು, ಯಾತಕ್ಕೆ ಎಂಬ ನಾಲ್ಕು ಮಾತು ಇದ್ದರೆ ಆಯಿತು. ಬ್ಯಾಂಕಿನ ಸ್ಟೇಟ್‌ಮೆಂಟಿಗೂ ನಿಮ್ಮ ಶಿಲ್ಕಿಗೂ ತಿಂಗಳಿಗೊಮ್ಮೆ ತಾಳೆ ನೋಡಿ. ರಸೀದಿಯ ಅಕ್ಷರ ಅಳಿಸಿಹೋಗುತ್ತದೆ, ಫೋಟೋ ತೆಗೆದಿಡಿ. ವ್ಯಾಪಾರಕ್ಕೆ ಓಡಿಸಿದ ಮೈಲಿಗಳನ್ನು ಅವತ್ತೇ ಬರೆಯಿರಿ. 2025ರಲ್ಲಿ ಮೈಲಿಗೆ 70 ಸೆಂಟ್ ಕಳೆಯಲು ಅವಕಾಶವಿತ್ತು. ವ್ಯಾಪಾರಕ್ಕೆಂದೇ ಇಟ್ಟ ಕೋಣೆ ಮನೆಯಲ್ಲಿದ್ದರೆ ಚದರಡಿಗೆ 5 ಡಾಲರಿನಂತೆ 300 ಚದರಡಿವರೆಗೆ ಸರಳ ಲೆಕ್ಕದಲ್ಲಿ ಕಳೆಯಬಹುದು. ರಾತ್ರಿ ನೆಂಟರು ಮಲಗುವ ಕೋಣೆ ಲೆಕ್ಕಕ್ಕೆ ಬರುವುದಿಲ್ಲ.

ಕಾಗದಗಳನ್ನು ಸಾಮಾನ್ಯವಾಗಿ 3 ವರ್ಷ, ನೌಕರರ ಟ್ಯಾಕ್ಸಿನದನ್ನು 4 ವರ್ಷ ಇಟ್ಟುಕೊಳ್ಳಬೇಕು. ಆದಾಯವನ್ನು ಬಹಳ ಕಡಿಮೆ ತೋರಿಸಿದ ಸಂದರ್ಭದಲ್ಲಿ ಐಆರ್‌ಎಸ್ 6 ವರ್ಷ ಹಿಂದಕ್ಕೆ ಹೋಗಬಹುದು, ಆದ್ದರಿಂದ 7 ವರ್ಷ ಇಟ್ಟರೆ ನೆಮ್ಮದಿ. ಮಿಶಿಗನ್ ಎಲ್‌ಎಲ್‌ಸಿ ಇರುವವರು ಪ್ರತಿ ಫೆಬ್ರವರಿ 15ರೊಳಗೆ 25 ಡಾಲರ್ ಕಟ್ಟಿ ವಾರ್ಷಿಕ ಹೇಳಿಕೆ ಹಾಕುವುದನ್ನು ಮರೆಯಬಾರದು.

ಎಚ್-1ಬಿ ವೀಸಾದಲ್ಲಿರುವ ತರುಣರು ಪಕ್ಕದಲ್ಲೊಂದು ವ್ಯಾಪಾರ ಶುರು ಮಾಡುವ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ಟ್ಯಾಕ್ಸ್ ಕಟ್ಟಿದ ಮಾತ್ರಕ್ಕೆ ಕೆಲಸದ ಅನುಮತಿ ಸಿಕ್ಕಿದಂತಲ್ಲ.

ಊರಿನ ಅಕೌಂಟುಗಳು

ಬೆಂಗಳೂರಿನ ಎನ್‌ಆರ್‌ಇ ಡಿಪಾಸಿಟ್ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ, ಆದರೆ ಇಲ್ಲಿ ಇದೆ. ಜಯನಗರದ ಮನೆಯ ಬಾಡಿಗೆಯನ್ನೂ ಇಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ಟ್ಯಾಕ್ಸಿಗೆ ಇಲ್ಲಿ ಕ್ರೆಡಿಟ್ ಕೇಳಬಹುದು. ಹೊರದೇಶದ ಎಲ್ಲ ಅಕೌಂಟುಗಳ ಮೊತ್ತ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಹಾಕಬೇಕು. ಅಮ್ಮನ ಜೊತೆ ಜಂಟಿಯಾಗಿರುವ ಅಕೌಂಟೂ ಅದರಲ್ಲಿ ಸೇರುತ್ತದೆ. ಅದು ಟ್ಯಾಕ್ಸ್ ಅಲ್ಲ, ಬರೀ ಮಾಹಿತಿ. ಆದರೆ ಹಾಕದಿದ್ದರೆ ದಂಡ ದೊಡ್ಡದು.

ಇವತ್ತಿನ ದಾನದ ಲೆಕ್ಕ

ಇವತ್ತು ನೀವು ಚೆಕ್ ಬುಕ್ ತಂದಿದ್ದೀರಿ ಎಂದು ನಂಬಿದ್ದೇನೆ! 250 ಡಾಲರ್ ಅಥವಾ ಹೆಚ್ಚಿನ ದಾನಕ್ಕೆ ಸಂಸ್ಥೆಯಿಂದ ಬರಹದ ರಸೀದಿ ಇರಲೇಬೇಕು. 150 ಡಾಲರ್ ಟಿಕೆಟ್ಟಿನಲ್ಲಿ ಊಟದ ಬೆಲೆ 40 ಆದರೆ ದಾನ 110 ಮಾತ್ರ. ರಾಫೆಲ್ ಟಿಕೆಟ್ ದಾನವಲ್ಲ. ಒಬ್ಬರೇ ನಡೆಸುವ ವ್ಯಾಪಾರದಲ್ಲಿ ದಾನವನ್ನು ಅಂಗಡಿಯ ಖರ್ಚಿಗೆ ಸೇರಿಸುವಂತಿಲ್ಲ, ಅದು ನಿಮ್ಮ ಸ್ವಂತ ರಿಟರ್ನಿನಲ್ಲಿ ಬರಬೇಕು. ಆದರೆ ಈ ಸ್ಮರಣ ಸಂಚಿಕೆಯಲ್ಲಿ ನಿಮ್ಮ ಅಂಗಡಿಯ ಜಾಹೀರಾತು ಹಾಕಿದರೆ ಅದು ವ್ಯಾಪಾರದ ಖರ್ಚೇ. 2026ರಿಂದ ಪಟ್ಟಿ ಮಾಡಿ ಕಳೆಯದವರೂ ನಗದು ದಾನವನ್ನು ಒಬ್ಬರಿಗೆ 1,000, ಜಂಟಿ ರಿಟರ್ನಿಗೆ 2,000 ಡಾಲರ್‌ವರೆಗೆ ಕಳೆಯಬಹುದು.

ಬಾಕಿ ಬಿದ್ದಿದ್ದರೆ

ಕೊನೆಯ ಮಾತು ತುಂಬ ಮುಖ್ಯ. ಕಷ್ಟದ ವರ್ಷ ಯಾರಿಗೂ ಬರಬಹುದು. ಕಟ್ಟಲು ದುಡ್ಡಿಲ್ಲ ಎಂದು ರಿಟರ್ನ್ ಹಾಕದೆ ಕೂರಬೇಡಿ. ರಿಟರ್ನ್ ಹಾಕದಿದ್ದರೆ ತಿಂಗಳಿಗೆ ಬಾಕಿಯ ಶೇಕಡಾ 5ರಂತೆ ಶೇಕಡಾ 25ರವರೆಗೆ ದಂಡ ಏರುತ್ತದೆ. ಹಾಕಿ ದುಡ್ಡು ಮಾತ್ರ ಕಟ್ಟದಿದ್ದರೆ ತಿಂಗಳಿಗೆ ಶೇಕಡಾ ಅರ್ಧ. ಐಆರ್‌ಎಸ್ ಕಂತಿನಲ್ಲಿ ಕಟ್ಟಲು ಅವಕಾಶ ಕೊಡುತ್ತದೆ. ಬಂದ ಪತ್ರವನ್ನು ಡ್ರಾಯರಿನಲ್ಲಿ ಬಚ್ಚಿಡುವುದರಿಂದ ಏನೂ ಕರಗುವುದಿಲ್ಲ. ಆದರೆ ಫೋನಿನಲ್ಲಿ "ಈಗಲೇ ಗಿಫ್ಟ್ ಕಾರ್ಡ್ ಕೊಳ್ಳಿ, ಇಲ್ಲದಿದ್ದರೆ ಅರೆಸ್ಟ್" ಎನ್ನುವವರು ಕಳ್ಳರು, ಐಆರ್‌ಎಸ್‌ನವರಲ್ಲ. ನಮ್ಮ ಜೊತೆ ಬಂದಿರುವ ವಯಸ್ಸಾದ ತಂದೆತಾಯಂದಿರಿಗೂ ಇದನ್ನು ಹೇಳಿಡಿ.

ನಾನು ಹೇಳಿದ್ದು ಸಾಮಾನ್ಯ ವಿಷಯ. ನಿಮ್ಮ ಸ್ವಂತ ಲೆಕ್ಕಕ್ಕೆ ನಿಮ್ಮ ಸಿಪಿಎ ಅವರನ್ನೇ ಕೇಳಿ, ಅದೂ ಏಪ್ರಿಲ್‌ನಲ್ಲಲ್ಲ, ಅಕ್ಟೋಬರ್‌ನಲ್ಲಿ.

ನಮ್ಮಲ್ಲಿ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂಬ ಮಾತಿದೆ. ನಿಮ್ಮ ವ್ಯಾಪಾರ ಆಟಕ್ಕೂ ಇರಲಿ, ಲೆಕ್ಕಕ್ಕೂ ಇರಲಿ. ಬೇರೆಯವರ ಪಾಲು ಅವರಿಗೆ ಮುಟ್ಟಿಸಿದ ಮೇಲೆ ಉಳಿದದ್ದು ನಿಜವಾಗಿ ನಿಮ್ಮದು. ಅದರಲ್ಲಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಇವತ್ತಿನಂಥ ಒಳ್ಳೆಯ ಕೆಲಸಕ್ಕೆ ಒಂದಿಷ್ಟು ಕೊಡಿ. ಹಾಗೆ ಕೊಟ್ಟಾಗ ರಾತ್ರಿ ಚೆನ್ನಾಗಿ ನಿದ್ದೆಯೂ ಬರುತ್ತದೆ.

ಇನ್ನು ಊಟಕ್ಕೆ ಏಳೋಣ.