ತೆಗೆದುಕೊಳ್ಳದ ಸಾಲಕ್ಕೆ ಕಂತು



ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಪಾಸ್‌ಬುಕ್‌ಗಳಿವೆ ಎಂದು ಎಂದಾದರೂ ಎಣಿಸಿ ನೋಡಿದ್ದೀರಾ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಇರುವುದೇ ರೂಢಿ. ತಂದೆಯವರ ಖಾತೆಗೆ ಕಬ್ಬಿನ ಬಿಲ್ಲು ಬರುತ್ತದೆ. ತಾಯಿಯವರ ಖಾತೆಗೆ 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣ, ಅಜ್ಜಿಯ ಖಾತೆಗೆ ಪಿಂಚಣಿ, ನಿಮ್ಮ ಖಾತೆಗೆ ವಿದ್ಯಾರ್ಥಿವೇತನ. ಇವುಗಳ ಜೊತೆಗೆ ಊರಿನ ಸೊಸೈಟಿಯ ಪುಸ್ತಕವೊಂದು ಬೇರೆ. ಆದರೆ ಫೋನಿಗೆ ಬರುವ ಬ್ಯಾಂಕಿನ ಸಂದೇಶಗಳನ್ನು ಓದಿ ಹೇಳುವವರು ಯಾರು? ಬಹುತೇಕ ಮನೆಗಳಲ್ಲಿ ಅದು ನೀವೇ. ಆದ್ದರಿಂದಲೇ ಈ ಮಾತುಗಳನ್ನು ಹಿರಿಯರಿಗಿಂತ ಮೊದಲು ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಂದು ದಿನ ಬೆಳಿಗ್ಗೆ ತಾಯಿಯವರ ಖಾತೆಯಿಂದ 1,180 ರೂಪಾಯಿ ಕಡಿತವಾಗಿದೆ ಎಂದು ಸಂದೇಶ ಬರುತ್ತದೆ ಎಂದುಕೊಳ್ಳಿ. ಯಾವುದೋ ಹೆಸರು ಕೇಳದ ಸಾಲದ ಸಂಸ್ಥೆಯ ಕಂತು ಅದು. ಮನೆಯಲ್ಲಿ ಯಾರೂ ಆ ಸಾಲ ತೆಗೆದುಕೊಂಡಿಲ್ಲ. ಮುಂದಿನ ತಿಂಗಳು ಮತ್ತೆ ಅಷ್ಟೇ ಹೋಗುತ್ತದೆ. ಮೊತ್ತ ಸಣ್ಣದು, ಓಡಾಟ ದೊಡ್ಡದು ಎಂದು ಮನೆಯವರು ಸುಮ್ಮನಾಗುತ್ತಾರೆ. ಇಂತಹ ಮೋಸ ನಡೆಯುವುದು ಈ ಸುಮ್ಮನಿರುವಿಕೆಯ ಬಲದ ಮೇಲೆಯೇ.

ಅಮೆರಿಕ, ಇಂಗ್ಲೆಂಡುಗಳಲ್ಲಿ ಸಂಬಳದ ದಿನ ತೀರಿಸುವ ಕರಾರಿನ ಮೇಲೆ ಕೊಡುವ ಸಣ್ಣ ಸಾಲಗಳಿಗೆ ‘ಪೇಡೇ ಲೋನ್’ ಎನ್ನುತ್ತಾರೆ. ಅವಧಿ ಎರಡು ವಾರ ಇಲ್ಲವೆ ಒಂದು ತಿಂಗಳು; ಬಡ್ಡಿ ವಿಪರೀತ. 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎರಡು ವ್ಯವಹಾರ ಕೂಟಗಳ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಸಾಲದ ಬಗ್ಗೆ ಅಂತರ್ಜಾಲದಲ್ಲಿ ವಿಚಾರಿಸಿದ್ದ ಜನರ ವಿವರಗಳನ್ನು ಖರೀದಿಸಿ, ಕೇಳದೆಯೇ ಅವರ ಖಾತೆಗಳಿಗೆ 200ರಿಂದ 300 ಡಾಲರ್ ಹಾಕುವುದು, ಬಳಿಕ ಎರಡು ವಾರಕ್ಕೊಮ್ಮೆ 90 ಡಾಲರ್‌ವರೆಗೆ ‘ಶುಲ್ಕ’ವೆಂದು ಎಳೆದುಕೊಳ್ಳುವುದು, ಅದರಲ್ಲಿ ಒಂದು ಪೈಸೆಯನ್ನೂ ಅಸಲಿಗೆ ಜಮೆ ಮಾಡದಿರುವುದು ಎಂಬುದು ಆರೋಪ. ಅಸಲು ತೀರುವುದೇ ಇಲ್ಲ, ಶುಲ್ಕ ನಿಲ್ಲುವುದೇ ಇಲ್ಲ. ನಮ್ಮ ಹಳೆಯ ಸಾಹುಕಾರಿ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ! ಸಾಹುಕಾರ ಕನಿಷ್ಠ ಕೇಳಿದವನಿಗೆ ಮಾತ್ರ ಸಾಲ ಕೊಡುತ್ತಿದ್ದ.

ಈ ವ್ಯವಹಾರ ನಮ್ಮ ದೇಶಕ್ಕೆ ಬಂದದ್ದು ಫೋನಿನ ಆ್ಯಪ್‌ಗಳ ರೂಪದಲ್ಲಿ. ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ನೇಮಿಸಿದ ಕಾರ್ಯತಂಡ ಅದೇ ನವೆಂಬರಿನಲ್ಲಿ ವರದಿ ಕೊಟ್ಟಿತು. ಆ ವರ್ಷದ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಭಾರತೀಯರಿಗೆ ಸಿಗುತ್ತಿದ್ದ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600ರಷ್ಟು ಅಕ್ರಮವಾದವು ಎಂದು ಅದು ಹೇಳಿತು. ಅವುಗಳ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 5,000 ರೂಪಾಯಿ ಸಾಲ ಎಂದು ತೋರಿಸಿ, ‘ಪ್ರಕ್ರಿಯಾ ಶುಲ್ಕ’ ಮುರಿದುಕೊಂಡು 3,500 ಕೈಗೆ ಕೊಟ್ಟರು, ಏಳು ದಿನಕ್ಕೆ 5,000 ಕೇಳಿದರು ಎನ್ನೋಣ. 3,500ಕ್ಕೆ ಒಂದು ವಾರದ ಬಡ್ಡಿ 1,500. ವರ್ಷಕ್ಕೆ ಹೊಂದಿಸಿದರೆ ಶೇಕಡ 2,200ಕ್ಕೂ ಮೇಲು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ ಶೂನ್ಯ ಬಡ್ಡಿಯಲ್ಲಿ ಕೊಡುವ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಒಂದೇ ಹಳ್ಳಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಈ ಎರಡೂ ಸಾಲಗಳಿರುವುದು ವಿಚಿತ್ರವಾದರೂ ಸುಳ್ಳಲ್ಲ. ಕಬ್ಬು ಕಡಿದು, ಕಾರ್ಖಾನೆಗೆ ಸಾಗಿಸಿ, ಬಿಲ್ಲು ಕೈಸೇರುವವರೆಗೆ ಮನೆಯ ಖರ್ಚು ಕಾಯುವುದಿಲ್ಲ. ಕಾಲೇಜಿನ ಪ್ರವೇಶ ಶುಲ್ಕವಂತೂ ಬಿತ್ತನೆಯ ದಿನಗಳಲ್ಲೇ ಬರುತ್ತದೆ. ‘ಐದು ಮಿನಿಟಿನಾಗ ರೊಕ್ಕ’ ಎನ್ನುವ ಜಾಹೀರಾತು ಹಿಡಿಯುವುದು ಆ ಹೊತ್ತಿನಲ್ಲಿ.

ಹೆಸರು ಒಬ್ಬರದು, ಹಣ ಇನ್ನೊಬ್ಬರದು ಎಂಬ ಮೋಸಕ್ಕೆ ಆ್ಯಪ್ ಕೂಡ ಬೇಕಿಲ್ಲ. ನಮ್ಮದೇ ಬೆಳಗಾವಿ ಜಿಲ್ಲೆಯ ಅನೇಕ ಮಹಿಳೆಯರು 2025ರ ಜನವರಿಯಲ್ಲಿ ದೂರು ಹೇಳಿಕೊಂಡು ಜಿಲ್ಲಾಡಳಿತದ ಬಾಗಿಲಿಗೆ ಬಂದರು. ತಮ್ಮ ಹೆಸರಿನಲ್ಲಿ ಮೈಕ್ರೋಫೈನಾನ್ಸ್ ಸಾಲ ಎತ್ತಿಸಿ, ಹಣವನ್ನು ಮಧ್ಯವರ್ತಿ ಪಡೆದು, ಕಂತುಗಳನ್ನು ಮಾತ್ರ ತಮ್ಮ ಮೇಲೆ ಬಿಟ್ಟರು ಎಂಬುದು ಅವರ ಅಳಲು. ಅದೇ ಫೆಬ್ರುವರಿ 12ರಂದು ರಾಜ್ಯದಲ್ಲಿ ಬಲವಂತದ ಸಾಲ ವಸೂಲಿ ತಡೆಯುವ ಸುಗ್ರೀವಾಜ್ಞೆ ಜಾರಿಗೆ ಬಂತು. ಬಳಿಕ ಅದು ಕಾಯ್ದೆಯಾಯಿತು. ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ ಅದರಲ್ಲಿವೆ. ಆದರೆ ಕಾಯ್ದೆ ತಾನಾಗಿ ನಿಮ್ಮ ಮನೆಗೆ ಬರುವುದಿಲ್ಲ, ದೂರು ಹೋಗಬೇಕು.

ಈಗ ಮುಖ್ಯ ವಿಷಯ. ನಮ್ಮ ಸಹಿಯಿಲ್ಲದೆ ಖಾತೆಯಿಂದ ಹಣ ಹೇಗೆ ಹೋಗುತ್ತದೆ? ಪಾಸ್‌ಬುಕ್ಕಿನ ಆ ಸಾಲನ್ನು ನಿಧಾನವಾಗಿ ಓದಿ. ‘ಎ.ಸಿ.ಎಚ್.’ ಅಥವಾ ‘ನ್ಯಾಚ್’ ಎಂದಿದ್ದರೆ ಅದು ಮ್ಯಾಂಡೇಟ್, ಎಂದರೆ ‘ಇವರು ಕೇಳಿದಾಗ ನನ್ನ ಖಾತೆಯಿಂದ ಕೊಡಿ’ ಎಂದು ಬ್ಯಾಂಕಿಗೆ ಕೊಟ್ಟಿರುವ ಅನುಮತಿಯ ಮೇಲೆ ಹೋದ ಹಣ. ಯು.ಪಿ.ಐ. ಎಂದಿದ್ದರೆ ಫೋನಿನಿಂದ ಹೋದದ್ದು. ಅದರಲ್ಲೂ ‘ಆಟೋಪೇ’ ಎಂಬ ಕಾಯಂ ಅನುಮತಿಯ ಬಗೆಯೊಂದಿದೆ. ಎ.ಇ.ಪಿ.ಎಸ್. ಎಂದಿದ್ದರೆ ಆಧಾರ್ ಬೆರಳಚ್ಚಿನಿಂದ ತೆಗೆದದ್ದು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಆಧಾರ್‌ನ ಬಯೋಮೆಟ್ರಿಕ್ ಬೀಗ ಹಾಕಿಡುವುದು ಇದಕ್ಕೆ ತಕ್ಕ ಉಪಾಯ.

ಮ್ಯಾಂಡೇಟಿನಲ್ಲಿ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವ ದಿನಾಂಕದವರೆಗೆ ಎಂಬ ಕಲಮುಗಳಿರುತ್ತವೆ. ಮೊತ್ತದ ಜಾಗದಲ್ಲಿ ‘ಗರಿಷ್ಠ’ ಎಂದು ದೊಡ್ಡ ಸಂಖ್ಯೆ ತುಂಬಿ, ಅವಧಿಯ ಜಾಗದಲ್ಲಿ ‘ಕೇಳಿದಾಗಲೆಲ್ಲ’ ಎಂದು ಗುರುತು ಹಾಕಿದರೆ ಮುಗಿಯಿತು; 500 ರೂಪಾಯಿಯ ಕಂತಿಗೆಂದು ಕೊಟ್ಟ ಅನುಮತಿಯಲ್ಲಿ 5,000 ಎಳೆಯಬಹುದು. ಅಂಗಡಿಯಲ್ಲಿ ಕಂತಿನ ಮೇಲೆ ಫೋನು ಕೊಳ್ಳುವಾಗ ಅಪ್ಪನ ಕೈಯಿಂದ ಹಾಕಿಸುವ ಸಹಿಗಳಲ್ಲಿ ಇದೂ ಒಂದಿರಬಹುದು. ಖಾಲಿ ಕಲಮಿನ ಮೇಲೆ ಸಹಿ ಹಾಕಲು ಬಿಡಬೇಡಿ.

ಅರಿಯದ ಕಡಿತ ಕಂಡ ದಿನವೇ ಬ್ಯಾಂಕಿಗೆ ತಿಳಿಸಬೇಕು. ದಿನಗಳಿಗೆ ಇಲ್ಲಿ ಬೆಲೆಯಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇದರ ಲೆಕ್ಕವನ್ನು ಹೀಗೆ ಕಟ್ಟಿಕೊಟ್ಟಿತು: ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ಯಾವ ನಷ್ಟವೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವರದು ಎಂದಾದಾಗ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿಯವರೆಗೆ ಗ್ರಾಹಕನ ಹೊಣೆ. ಅದರಾಚೆಗೆ ಆಯಾ ಬ್ಯಾಂಕಿನ ನೀತಿಯಂತೆ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನಗಳಲ್ಲಿ ದೂರು ತೀರಿಸಬೇಕು, ಗ್ರಾಹಕನ ತಪ್ಪಿದೆ ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನದೇ. ಆದರೆ ಓ.ಟಿ.ಪಿ.ಯನ್ನೋ ಪಿನ್ನನ್ನೋ ನಾವೇ ಹೇಳಿಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ನಮ್ಮದು. ಕೊಟ್ಟ ಮೇಲಿನದು ಬ್ಯಾಂಕಿನದು. ನಾಚಿಕೆಯಿಂದ ಎರಡು ದಿನ ತಡಮಾಡುವವರಿಗೆ ಈ ಕೊನೆಯ ಮಾತನ್ನು ಮತ್ತೆ ಮತ್ತೆ ಹೇಳಬೇಕು.

ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಪಾಸ್‌ಬುಕ್ ಅಥವಾ ಎ.ಟಿ.ಎಂ. ಕಾರ್ಡಿನ ಹಿಂಬದಿಯಲ್ಲಿ ನೋಡಿ. ಅಂತರ್ಜಾಲದಲ್ಲಿ ಹುಡುಕಿದರೆ ಕಳ್ಳರೇ ಇಟ್ಟ ಸಂಖ್ಯೆ ಸಿಗುವುದುಂಟು. ಜೊತೆಗೆ 1930ಕ್ಕೆ ಕರೆ ಮಾಡಿ. ಇದು ದೇಶದಾದ್ಯಂತ ಇರುವ ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ. ಬೇಗ ಕರೆ ಹೋದಷ್ಟೂ, ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಮೇಲೆ ತಾಯಿಯವರನ್ನು ಕರೆದುಕೊಂಡು ಶಾಖೆಗೆ ಹೋಗಿ. ‘ಸಾಹೇಬ್ರ, ನಮ್ಮ ಅವ್ವನ ಖಾತೆದಾಗಿಂದ ರೊಕ್ಕ ಕಡಿತ ಆಗೇತ್ರಿ’ ಎಂದು ಬಾಯಲ್ಲಿ ಹೇಳಿ ಬಂದರೆ ಸಾಲದು. ಕಾಗದದಲ್ಲಿ ಬರೆದು ಕೊಡಿ, ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಖಾತೆ ಸಂಖ್ಯೆ, ಕಡಿತದ ದಿನಾಂಕ, ಮೊತ್ತ, ಪಾಸ್‌ಬುಕ್ಕಿನಲ್ಲಿ ಮುದ್ರಿಸಿದ ಅಕ್ಷರಗಳು ಇದ್ದಂತೆಯೇ, ಮ್ಯಾಂಡೇಟ್ ಆಗಿದ್ದರೆ ಅದರ ಯು.ಎಂ.ಆರ್.ಎನ್. ಸಂಖ್ಯೆ, ಇವಿಷ್ಟು ಇರಲಿ. ಮುಂದಿನ ಕಡಿತ ನಿಲ್ಲಿಸಬೇಕೆಂದೂ, ನಾನು ಸಹಿ ಮಾಡಿದ್ದೇನೆ ಎನ್ನುವ ಮ್ಯಾಂಡೇಟಿನ ಪ್ರತಿ ತೋರಿಸಬೇಕೆಂದೂ ಕೇಳಿ. ಈ ಎರಡನೆಯ ಬೇಡಿಕೆ ಬಹಳ ಕೆಲಸ ಮಾಡುತ್ತದೆ.

ಇಲ್ಲೊಂದು ಭೇದ ಇಟ್ಟುಕೊಳ್ಳಬೇಕು. ಸಾಲ ನಿಜವಾಗಿ ಪಡೆದದ್ದಾಗಿ, ಕಂತಿನ ದಿನ ಖಾತೆ ಖಾಲಿ ಮಾಡಿಟ್ಟರೆ ಬ್ಯಾಂಕು ದಂಡ ಹಾಕುತ್ತದೆ. ಅಷ್ಟೇ ಅಲ್ಲ, 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೆಯ ಕಲಮಿನಂತೆ ಅದು ಚೆಕ್ಕು ಬೌನ್ಸಾದಂತೆಯೇ ಅಪರಾಧವೂ ಆಗಬಹುದು. ಬಡ್ಡಿಯ ತಕರಾರಿದ್ದರೆ ಸಾಲದ ವಾಸ್ತವಾಂಶ ಪತ್ರ ಕೇಳಿ. ವಾರ್ಷಿಕ ದರ, ಶುಲ್ಕ ಎಲ್ಲವನ್ನೂ ಸಾಲಕ್ಕೆ ಮುಂಚೆಯೇ ಅದರಲ್ಲಿ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಆನ್‌ಲೈನ್ ಸಾಲಗಳಿಗೆ ನಿಯಮ ಮಾಡಿತು. ಆ್ಯಪ್‌ಗಳು ಫೋನಿನ ಹೆಸರು ಪಟ್ಟಿಗೆ, ಚಿತ್ರಗಳಿಗೆ ಕೈಹಾಕುವಂತಿಲ್ಲ ಎಂದದ್ದೂ ಆಗಲೇ.

ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ನಮ್ಮ ಭಾಗದಲ್ಲಿ ಒಂದು ತೊಡಕಿದೆ. ಸೊಸೈಟಿಗಳನ್ನೂ ನಾವು ಬಾಯಿಮಾತಿನಲ್ಲಿ ‘ಬ್ಯಾಂಕು’ ಎಂದೇ ಕರೆಯುತ್ತೇವೆ. ಸೌಹಾರ್ದ ಪತ್ತಿನ ಸಹಕಾರಿಗಳು 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ಇರುವಂಥವು. ಅವುಗಳ ದೂರು ಸಹಕಾರ ಇಲಾಖೆಗೆ ಹೋಗಬೇಕು. ಗಡಿಯ ಎರಡೂ ಕಡೆ ಶಾಖೆಗಳಿರುವ ಬಹುರಾಜ್ಯ ಸಂಘವಾದರೆ ದೆಹಲಿಯ ಕೇಂದ್ರ ರಿಜಿಸ್ಟ್ರಾರರಿಗೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಯಾವ ಕಾಯ್ದೆಯಡಿ ನೋಂದಣಿ ಎಂಬುದಿದೆಯೇ ನೋಡಿ, ಇಲ್ಲದಿದ್ದರೆ ಕಚೇರಿಯಲ್ಲೇ ಕೇಳಿ.

ಗಡಿಯದೇ ಇನ್ನೊಂದು ಮಾತು. ನಿಪ್ಪಾಣಿಯ ಹುಡುಗ ಕೊಲ್ಲಾಪುರದಲ್ಲಿ ಓದುತ್ತಾನೆ, ಕಾಗವಾಡದ ಹುಡುಗಿ ಮಿರಜಿನಲ್ಲಿ. ಮೋಸವಾದದ್ದು ಅಲ್ಲಿ, ಖಾತೆ ಇಲ್ಲಿ. ‘ನಮ್ಮ ಹದ್ದಲ್ಲ’ ಎಂಬ ಉತ್ತರ ಬಂದರೆ ಹಿಂದಿರುಗಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು.

ನಿಮ್ಮಲ್ಲಿ ಹದಿನೆಂಟು ತುಂಬದವರು ಅನೇಕರಿದ್ದೀರಿ. 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣವೆಂದು ಹೆಸರಾದ ತೀರ್ಪು ಕೊಟ್ಟಿತು. ಕಲ್ಕತ್ತೆಯ ಸಾಹುಕಾರನೊಬ್ಬ ಅಪ್ರಾಪ್ತ ವಯಸ್ಕನಿಗೆ ಅಡವಿನ ಮೇಲೆ ಸಾಲ ಕೊಟ್ಟಿದ್ದ. ಅಂಥ ಕರಾರು ಮೊದಲಿನಿಂದಲೇ ಅಸಿಂಧು ಎಂದಿತು ಆ ತೀರ್ಪು. ಆದ್ದರಿಂದ ಹತ್ತನೆಯ ತರಗತಿಯ ಹುಡುಗನಿಗೆ ‘ಸಾಲ ತೀರಿಸು, ಇಲ್ಲವಾದರೆ ನಿನ್ನ ಚಿತ್ರ ತಿದ್ದಿ ಎಲ್ಲರಿಗೂ ಕಳಿಸುತ್ತೇನೆ’ ಎನ್ನುವವನ ಕೈಯಲ್ಲಿ ಕಾನೂನಿನ ಬಲವಿಲ್ಲ. ವಯಸ್ಸು ಎಷ್ಟೇ ಇರಲಿ, ಹೀಗೆ ಹೆದರಿಸಿ ಹಣ ಕೇಳುವುದು ಸುಲಿಗೆ. ಸಂದೇಶಗಳನ್ನು ಅಳಿಸಬೇಡಿ, ಹಣ ಕೊಡಬೇಡಿ, ಅಂದೇ ಮನೆಯಲ್ಲಿ ಹೇಳಿ. ಮನೆಯಲ್ಲಿ ಹೇಳಲಾಗದಿದ್ದರೆ ನಿಮ್ಮ ಮಾಸ್ತರರಿಗಾದರೂ, ಅಕ್ಕೋರಿಗಾದರೂ ಹೇಳಿ. ಈ ಒಂದು ಹೆದರಿಕೆಗೆ ದೇಶದಲ್ಲಿ ಜೀವಗಳೇ ಹೋಗಿವೆ.

ಕಾಲೇಜಿನವರಿಗೆ ಬರುವ ಬಲೆ ಬೇರೆಯದು: ‘ನಿನ್ನ ಖಾತೆ, ಕಾರ್ಡು ಕೊಡು, ತಿಂಗಳಿಗೆ ಇಷ್ಟು ಕಮಿಷನ್.’ ಕಳ್ಳರ ಹಣ ದಾಟಲು ಬಾಡಿಗೆ ಖಾತೆ ಬೇಕು. ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಮೊದಲು ಸಿಗುವ ಹೆಸರು ನಿಮ್ಮದೇ.

ಇನ್ನು, ನಿಮ್ಮ ಹೆಸರಿನಲ್ಲೋ ತಂದೆತಾಯಿಯರ ಹೆಸರಿನಲ್ಲೋ ಗೊತ್ತಿಲ್ಲದ ಸಾಲ ಇದೆಯೇ ಎಂದು ಹೇಗೆ ತಿಳಿಯುವುದು? ಸಿಬಿಲ್‌ನಂತಹ ಪ್ರತಿಯೊಂದು ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಲ್ಲೇ ಬಂದಿದೆ. ತರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಮನೆಯವರ ಎದುರು ಓದಿ. ಗುರುತಿಲ್ಲದ ಸಾಲ ಕಂಡರೆ ಆ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಬರೆಯಿರಿ. 30 ದಿನಗಳಲ್ಲಿ ದೂರು ತೀರದಿದ್ದರೆ ಆಮೇಲಿನ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶಿಸಿತು. ಹಾಗಾಗಿ ನೀವು ಬರೆದ ಪತ್ರದ ಮೇಲೆ ದಿನಾಂಕ ಹಾಕುವುದನ್ನು ಮರೆಯಬೇಡಿ.