ಕಾಗದ ಯಾರ ಹೆಸರಿನಲ್ಲಿದೆ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇವತ್ತು ನಿಮ್ಮಲ್ಲಿ ಹಲವರು ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಜಗಳೂರಿನ ಕಡೆಯವರು ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ. ಅಂಥವರ ಮುಂದೆ ನಿಂತು ನಾನು ವೀಸಾ, ಗ್ರೀನ್ ಕಾರ್ಡ್ ಎಂದು ಮಾತು ತೆಗೆದರೆ, 'ನಮಗೂ ಅಮೆರಿಕಾಕ್ಕೂ ಏನು ಸಂಬಂಧ, ಮೇಡಂ?' ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ನಮ್ಮ ಅಡಿಕೆ ತೋಟದ ಮನೆಗಳಿಂದ, ಮೆಕ್ಕೆಜೋಳ ಬೆಳೆಯುವ ಮನೆಗಳಿಂದ, ಸಂಘದಲ್ಲಿ ಸಾಲ ತೆಗೆದು ಮಗಳನ್ನು ಓದಿಸಿದ ಮನೆಗಳಿಂದಲೂ ಹೆಣ್ಣುಮಕ್ಕಳು ಮದುವೆಯಾಗಿ ಹೊರದೇಶಕ್ಕೆ ಹೋಗುತ್ತಿದ್ದಾರೆ. ಹಾಗೆ ಹೋದ ಒಬ್ಬಳ ಕಥೆ ಹೇಳುತ್ತೇನೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನೂ ಹೇಳುತ್ತೇನೆ.

ಆಕೆ ಚನ್ನಗಿರಿ ತಾಲ್ಲೂಕಿನವಳು, ನನ್ನ ವಿದ್ಯಾರ್ಥಿನಿ. ಹೆಸರು ಬೇಡ. ಪದವಿ ಮುಗಿಸಿ ಎಂ.ಸಿ.ಎ. ಮಾಡಿದಳು. 2011ರಲ್ಲಿ ಅವಳ ತಂದೆ ನನ್ನ ಮನೆಗೆ ಬಂದರು. 'ಮೇಡಂ, ಹುಡುಗ ಅಮೆರಿಕಾದಲ್ಲಿ ಇದಾನೆ. ಎರಡು ಎಕರೆ ತೋಟ ಮಾರಬೇಕಾಗುತ್ತೆ. ಕೊಡಬಹುದಾ?' ಎಂದು ಕೇಳಿದರು. ಹುಡುಗನ ಓದು ಕೇಳಿದೆ, ಸಂಬಳ ಕೇಳಿದೆ, 'ಕೊಡಿ, ಒಳ್ಳೆಯ ಸಂಬಂಧ' ಎಂದುಬಿಟ್ಟೆ. ವರದಕ್ಷಿಣೆ ಅಪರಾಧವೆಂದು ತರಗತಿಯಲ್ಲಿ ಪಾಠ ಹೇಳಿದವಳು ನಾನು. ತೋಟ ಯಾಕೆ ಮಾರಬೇಕು ಎಂದು ಕೇಳಲಿಲ್ಲ. ಹುಡುಗ ಯಾವ ಕಾಗದದ ಮೇಲೆ ಅಲ್ಲಿದ್ದಾನೆ, ಹುಡುಗಿ ಯಾವ ಕಾಗದದ ಮೇಲೆ ಅಲ್ಲಿರುತ್ತಾಳೆ ಎಂಬುದನ್ನಂತೂ ಕೇಳಬೇಕೆಂದೇ ನನಗೆ ತೋಚಲಿಲ್ಲ.

ಆ ಕಾಗದದ ವಿಷಯ ಈಗ ನಿಮಗೆ ಹೇಳಬೇಕು.

ಅಮೆರಿಕಾದ ಕಂಪನಿ ಕೆಲಸಕ್ಕೆ ಹೋಗುವ ನಮ್ಮ ಹುಡುಗರಲ್ಲಿ ಬಹಳ ಜನ ಎಚ್-1ಬಿ ಎಂಬ ವೀಸಾದ ಮೇಲೆ ಇರುತ್ತಾರೆ. ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷ, ಒಟ್ಟು ಆರು ವರ್ಷ. ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಆರು ವರ್ಷದ ಆಚೆಗೂ ಮುಂದುವರಿಸಿಕೊಳ್ಳಬಹುದು. ಹೆಂಡತಿಗೆ ಸಿಗುವುದು ಎಚ್-4. ಇದು ಅಡಿಕೆ ಮರಕ್ಕೆ ಹಬ್ಬಿಸಿದ ಎಲೆಬಳ್ಳಿಯ ಹಾಗೆ. ಗಂಡನ ವೀಸಾ ಇರುವವರೆಗೆ ಇದೂ ಇರುತ್ತದೆ. ಗಂಡನ ಕೆಲಸ ಹೋದರೆ ಇಡೀ ಸಂಸಾರಕ್ಕೆ ಹೆಚ್ಚೆಂದರೆ 60 ದಿನಗಳ ಗಡುವು. ವಿಚ್ಛೇದನವಾದರೆ ಹೆಂಡತಿಯ ಎಚ್-4 ಅಲ್ಲಿಗೇ ಮುಗಿಯಿತು. ಆ ವೀಸಾ ಒಂದನ್ನೇ ಇಟ್ಟುಕೊಂಡು ಆಕೆ ಒಂದು ದಿನವೂ ಸಂಬಳಕ್ಕೆ ದುಡಿಯುವಂತಿಲ್ಲ.

ಇನ್ನು ಗ್ರೀನ್ ಕಾರ್ಡ್. ಅದು ಅಲ್ಲಿ ಶಾಶ್ವತವಾಗಿ ವಾಸಿಸುವ, ದುಡಿಯುವ ಹಕ್ಕು. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1,40,000. ಹೆಂಡತಿ ಮಕ್ಕಳ ಲೆಕ್ಕವೂ ಅದರೊಳಗೇ ಬರುತ್ತದೆ. 1990ರ ಕಾನೂನಿನ ಪ್ರಕಾರ ಯಾವ ದೇಶದವರಿಗೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ನಮ್ಮಷ್ಟು ಜನರಿರುವ ದೇಶಕ್ಕೂ ಅಷ್ಟೇ, ಒಂದು ಜಿಲ್ಲೆಯಷ್ಟಿರುವ ದೇಶಕ್ಕೂ ಅಷ್ಟೇ. ಆದ್ದರಿಂದ ಭಾರತದವರ ಸರದಿ ಹತ್ತು ವರ್ಷ ದಾಟಿ ನಿಂತಿದೆ. ಅಷ್ಟೂ ವರ್ಷ ಹೆಂಡತಿಯ ಹೆಸರು ಗಂಡನ ಅರ್ಜಿಯ ಬೆನ್ನ ಹಿಂದೆ ಇರುತ್ತದೆ. ಗ್ರೀನ್ ಕಾರ್ಡ್ ಕೈಗೆ ಬರುವ ಮೊದಲು ವಿಚ್ಛೇದನವಾದರೆ ಆಕೆ ಆ ಸಾಲಿನಿಂದಲೇ ಹೊರಗೆ.

ನಿಮ್ಮ ಸಂಘದ ಉಳಿತಾಯವೆಲ್ಲ ಒಬ್ಬ ಸದಸ್ಯೆಯ ಗಂಡನ ಹೆಸರಿನ ಖಾತೆಯಲ್ಲಿದ್ದರೆ ಹೇಗಿರುತ್ತದೆ, ಯೋಚಿಸಿ. ವಾರ ವಾರ ಹಣ ಕಟ್ಟುವವರು ನೀವು, ಸಹಿ ಮಾತ್ರ ಅವನದು. ಅವನು ಒಳ್ಳೆಯವನಾದರೆ ಏನೂ ಆಗುವುದಿಲ್ಲ. ಕೆಟ್ಟವನಾದರೆ? ಅಲ್ಲಿಗೆ ಹೋದ ಹೆಣ್ಣುಮಕ್ಕಳ ಬದುಕು ಅಂಥ ಖಾತೆಯಲ್ಲಿರುತ್ತದೆ.

ನನ್ನ ವಿದ್ಯಾರ್ಥಿನಿಯ ಗಂಡ ಕೆಟ್ಟವನೇ ಆದ. ಮೊದಲು ಮಾತಿನಲ್ಲಿ, ಆಮೇಲೆ ಕೈಯಲ್ಲಿ. 2013ರಲ್ಲಿ ತಾಯಿ ಬಾಣಂತನಕ್ಕೆ ಹೋಗಿ ಅಲ್ಲಿ ಆರು ತಿಂಗಳು ಇದ್ದರು. ಮಗಳ ತೋಳಿನ ಮೇಲೆ ಕಂದಿದ ಗುರುತು ನೋಡಿ ಕೇಳಿದರೆ ಮಗಳು ಹೇಳಿದ್ದು ಇಷ್ಟು: 'ಅವ್ವ, ಅಪ್ಪನಿಗೆ ಹೇಳಬೇಡ. ಗ್ರೀನ್ ಕಾರ್ಡ್ ಒಂದು ಬರಲಿ.' ತಾಯಿ ಬಾಯಿ ಮುಚ್ಚಿಕೊಂಡು ಊರಿಗೆ ಬಂದರು. 2015ರಲ್ಲಿ ಕಂಪನಿ ಅವನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿತು. ಆಗ ಊರಿಗೆ ಫೋನು ಬಂತು: ವಕೀಲರ ಖರ್ಚಿದೆ, ಹತ್ತು ಲಕ್ಷ ಕಳಿಸಿ, ಇಲ್ಲದಿದ್ದರೆ ನಿಮ್ಮ ಮಗಳ ಹೆಸರು ಸೇರಿಸುವುದಿಲ್ಲ.

ಇದಕ್ಕೆ ಏನು ಹೆಸರು, ಹೇಳಿ? ತಂದೆ ಅದನ್ನು 'ಫೀಜು' ಎಂದುಕೊಂಡು ಉಳಿದ ತೋಟದ ಮೇಲೆ ಸಾಲ ಮಾಡಿ ಕಳಿಸಿದರು. 1961ರ ವರದಕ್ಷಿಣೆ ನಿಷೇಧ ಕಾಯಿದೆ ಹೇಳುವುದೇ ಬೇರೆ. ಮದುವೆಗೆ ಮೊದಲಾಗಲಿ, ಮದುವೆಯಲ್ಲಾಗಲಿ, ಮದುವೆಯ ನಂತರ ಯಾವಾಗಲೇ ಆಗಲಿ, ಆ ಮದುವೆಯ ಸಂಬಂಧವಾಗಿ ಕೇಳುವ ಹಣ ವರದಕ್ಷಿಣೆಯೇ. ಕಾರು ಕೇಳಿದರೂ ಅಷ್ಟೇ, ಗ್ರೀನ್ ಕಾರ್ಡಿನ ಖರ್ಚು ಕೇಳಿದರೂ ಅಷ್ಟೇ.

2015ರ ಮೇ 26ರಿಂದ ಅಲ್ಲಿ ಒಂದು ನಿಯಮ ಬಂತು. ಗಂಡನ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಕಂಪನಿ ಹಾಕುವ ಮನವಿ ಒಪ್ಪಿಗೆಯಾಗಿದ್ದರೆ ಎಚ್-4ರ ಹೆಂಡತಿ ಕೆಲಸಕ್ಕೆ ಪರವಾನಗಿ ಕೇಳಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ಇದರಿಂದ ಉಸಿರು ಬಂದ ಹಾಗಾಯಿತು. ನಮ್ಮ ಹುಡುಗಿ ಕೇಳಿದಾಗ ಗಂಡ, 'ಆ ಒಪ್ಪಿಗೆಯ ಪ್ರತಿ ನನ್ನ ಹತ್ತಿರ ಇದೆ, ಕೊಡುವುದಿಲ್ಲ' ಎಂದ. ಪಾಸ್‌ಪೋರ್ಟೂ ಅವನ ಬೀರುವಿನಲ್ಲಿತ್ತು. 'ಪೊಲೀಸರಿಗೆ ಹೇಳಿದರೆ ನಿನ್ನ ವೀಸಾ ರದ್ದು ಮಾಡಿಸಿ ವಿಮಾನ ಹತ್ತಿಸುತ್ತೇನೆ, ಮಗಳು ಇಲ್ಲೇ ಹುಟ್ಟಿದವಳು, ಅವಳು ನಿನ್ನ ಜೊತೆ ಬರುವುದಿಲ್ಲ' ಎಂದು ಹೆದರಿಸುತ್ತಿದ್ದ.

2018ರಲ್ಲಿ ಒಂದು ರಾತ್ರಿ ಅವಳ ಫೋನು ಬಂತು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದಳು. 'ಮೇಡಂ, ಇಲ್ಲಿ ನನ್ನದು ಅಂತ ಒಂದು ಕಾಗದವೂ ಇಲ್ಲ' ಎಂದಳು. ನನಗೆ ನನ್ನ 'ಕೊಡಿ' ಎಂಬ ಮಾತು ನೆನಪಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ತಿಳಿದವರನ್ನು ಕೇಳಲು ತೊಡಗಿದೆ. ಆಗ ಗೊತ್ತಾದದ್ದು, ಅವನ ಬೆದರಿಕೆಯಲ್ಲಿ ಬಹುಪಾಲು ಸುಳ್ಳು. ವೀಸಾ ಕೊಡುವುದೂ ತೆಗೆಯುವುದೂ ಸರ್ಕಾರದ ಕೆಲಸ, ಗಂಡನದಲ್ಲ. ನಮ್ಮ ಹೆಣ್ಣುಮಕ್ಕಳಿಗೆ ನೆರವಾಗುವ ಸಂಸ್ಥೆಗಳನ್ನು ಅಲ್ಲಿಯ ನಮ್ಮವರೇ ಕಟ್ಟಿದ್ದಾರೆ. ನ್ಯೂಜೆರ್ಸಿಯಲ್ಲಿ 1985ರಲ್ಲಿ ಶುರುವಾದ ಮಾನವಿ, ಕ್ಯಾಲಿಫೋರ್ನಿಯಾದಲ್ಲಿ 1991ರಲ್ಲಿ ಶುರುವಾದ ಮೈತ್ರಿ ಅಂಥವು. ಅಂಥದೊಂದು ಸಂಸ್ಥೆಯ ಮೂಲಕ ಅವಳಿಗೆ ವಕೀಲೆಯೊಬ್ಬರು ಸಿಕ್ಕರು.

ಅವರು ತೋರಿಸಿದ ದಾರಿಗಳನ್ನು ನೀವೂ ತಿಳಿದಿರಿ. ಗಂಡ ಅಮೆರಿಕಾದ ಪೌರನೋ ಗ್ರೀನ್ ಕಾರ್ಡ್ ಇದ್ದವನೋ ಆಗಿದ್ದು ಹಿಂಸಿಸಿದರೆ, 1994ರ ಕಾನೂನಿನ ಪ್ರಕಾರ ಹೆಂಡತಿ ತಾನೇ ಶಾಶ್ವತ ವಾಸದ ಹಾದಿ ಹಿಡಿಯಬಹುದು. ಅವನ ಸಹಿ ಬೇಡ. ಅರ್ಜಿ ಹಾಕಿದ್ದನ್ನು ಇಲಾಖೆ ಅವನಿಗೆ ತಿಳಿಸುವುದೂ ಇಲ್ಲ. ಗಂಡ ಎಚ್-1ಬಿಯವನಾದರೆ ಆ ದಾರಿ ಇಲ್ಲ. ಆದರೆ 2005ರ ತಿದ್ದುಪಡಿಯಿಂದ ಹಿಂಸೆಗೊಳಗಾದ ಎಚ್-4 ಹೆಂಡತಿಗೆ ಕೆಲಸದ ಪರವಾನಗಿ ಕೇಳುವ ಹಕ್ಕಿದೆ. ಅದರ ಅರ್ಜಿ ನಮೂನೆ ಬಂದದ್ದು 2017ರಲ್ಲಿ. ಇನ್ನೊಂದು ಯು ವೀಸಾ. ಅಪರಾಧಕ್ಕೆ ಗುರಿಯಾಗಿ, ಪೊಲೀಸರ ತನಿಖೆಗೆ ನೆರವಾದವರಿಗೆ ಅದು. ವರ್ಷಕ್ಕೆ 10,000 ಮಾತ್ರ, ಆದ್ದರಿಂದ ಬಹಳ ಕಾಯಬೇಕು. ಸಿಕ್ಕಿ ಮೂರು ವರ್ಷವಾದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು.

ನಮ್ಮ ಹುಡುಗಿ ಎರಡನೆಯ ದಾರಿ ಹಿಡಿದಳು. ಗಾಯದ ಫೋಟೋ, ವೈದ್ಯರ ಚೀಟಿ, ಹಣ ಕೇಳಿದ ಸಂದೇಶಗಳು, ತಂದೆ ಬ್ಯಾಂಕಿನಿಂದ ಹಣ ಕಳಿಸಿದ ರಸೀದಿ, ಎಲ್ಲವನ್ನೂ ಒಂದೊಂದಾಗಿ ಜೋಡಿಸಿದಳು. 2019ರಲ್ಲಿ ಕೆಲಸದ ಪರವಾನಗಿ ಬಂತು. ಸಣ್ಣ ಕಂಪನಿಯೊಂದರಲ್ಲಿ ಸೇರಿದಳು. ಆ ಕಂಪನಿ ಅವಳ ಹೆಸರಿನಲ್ಲಿ ಎಚ್-1ಬಿ ಕೇಳಿತು. ಅದಕ್ಕೆ ಲಾಟರಿ ಎತ್ತುತ್ತಾರೆ. ಅದೃಷ್ಟಕ್ಕೆ ಹೆಸರು ಬಂತು. 2020ರ ಅಕ್ಟೋಬರ್‌ನಲ್ಲಿ ಅವಳ ವೀಸಾ ಬದಲಾಯಿತು. ಬಳ್ಳಿಗೆ ತನ್ನದೇ ಬೇರು ಬಂತು. ಆಮೇಲೆ ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡಿದಳು, ವಿಚ್ಛೇದನ ಪಡೆದಳು. ಈಗ ಗ್ರೀನ್ ಕಾರ್ಡಿಗೆ ಅವಳದೇ ಅರ್ಜಿಯಿದೆ. ಸರದಿ ಬಂದಿಲ್ಲ, ಇನ್ನೂ ಎಷ್ಟೋ ವರ್ಷ ಬೇಕು. ಆದರೆ ಹೊಡೆತ ತಿನ್ನುತ್ತಾ ಕಾಯಬೇಕಾಗಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ಜಗಳೂರು ಕಡೆಯ ಇನ್ನೊಬ್ಬ ಹುಡುಗಿಯನ್ನು ಗಂಡ 'ಹಬ್ಬಕ್ಕೆ ಹೋಗಿ ಬರೋಣ' ಎಂದು ಕರೆತಂದು, ತವರಿನಲ್ಲಿ ಬಿಟ್ಟು, ಪಾಸ್‌ಪೋರ್ಟ್ ಎತ್ತಿಕೊಂಡು ಒಬ್ಬನೇ ವಿಮಾನ ಹತ್ತಿದ. ಕೆಲವು ತಿಂಗಳ ಮೇಲೆ ಅಲ್ಲಿಯ ಕೋರ್ಟಿನ ವಿಚ್ಛೇದನದ ಕಾಗದ ಬಂತು. ಮನೆಯವರು ಎಲ್ಲ ಮುಗಿಯಿತೆಂದು ಅತ್ತರು. ಮುಗಿದಿರಲಿಲ್ಲ. ತಿರುಪತಿಯಲ್ಲಿ ಮದುವೆಯಾದ ಗಂಡನೊಬ್ಬ ಅಮೆರಿಕಾದ ಮಿಸೌರಿ ರಾಜ್ಯದ ಕೋರ್ಟಿನಿಂದ ವಿಚ್ಛೇದನ ತಂದಿದ್ದ. 1991ರಲ್ಲಿ ನರಸಿಂಹ ರಾವ್ ಮತ್ತು ವೆಂಕಟಲಕ್ಷ್ಮಿ ಎಂಬ ಆ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ವಿಚ್ಛೇದನ ಇಲ್ಲಿ ನಡೆಯದು ಎಂದಿತು. 2019ರಲ್ಲಿ ಅದೇ ಕೋರ್ಟು, ಗಂಡನ ಮನೆಯಿಂದ ಹೊರಬಿದ್ದ ಹೆಂಡತಿ ತಾನು ಆಶ್ರಯ ಪಡೆದ ಊರಿನಲ್ಲೇ ಕ್ರೌರ್ಯದ ದೂರು ಕೊಡಬಹುದು ಎಂದೂ ಹೇಳಿತು. ಎಂದರೆ ಅಮೆರಿಕಾದಿಂದ ತಳ್ಳಿಸಿಕೊಂಡವಳು ಜಗಳೂರಿನ ಠಾಣೆಗೇ ಹೋಗಬಹುದು. ಆ ಅಪರಾಧ ಮೊದಲು 498ಎ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ.

ಬೇರೆ ದೇಶಗಳ ಕಾನೂನು ಬೇರೆ. ಬ್ರಿಟನ್ನಿನಲ್ಲಿ ಗಂಡ ಅಲ್ಲಿಯ ಪೌರನೋ ನೆಲೆಸುವ ಹಕ್ಕುಳ್ಳವನೋ ಆಗಿದ್ದರೆ, ಹಿಂಸೆಯಿಂದ ಸಂಸಾರ ಮುರಿದ ಹೆಂಡತಿ ತಾನೇ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಗಂಡನ ಮೂಲಕ ಶಾಶ್ವತ ವಾಸ ಪಡೆದ ಕೆಲವು ಹೆಂಡತಿಯರು ಎರಡು ವರ್ಷ ಅವನ ಜೊತೆಗೇ ಬಾಳಬೇಕೆಂಬ ಷರತ್ತು ಕೆನಡಾದಲ್ಲಿತ್ತು. ಅದನ್ನು 2017ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು. ಆದ್ದರಿಂದ 'ಫಾರಿನ್' ಎಂದರೆ ಸಾಲದು, ಯಾವ ದೇಶ, ಯಾವ ವೀಸಾ ಎಂದು ಕೇಳಬೇಕು.

ನೀವೇನು ಮಾಡಬಹುದು? ಸಂಬಂಧ ಕೂಡಿಸುವ ಮೊದಲೇ ಕೇಳಿ: ಹುಡುಗನ ವೀಸಾ ಯಾವುದು, ಎಂದಿಗೆ ಮುಗಿಯುತ್ತದೆ? ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದಾನೋ ಇಲ್ಲವೋ? ನಮ್ಮ ಹುಡುಗಿಗೆ ಕೆಲಸ ಮಾಡುವ ಹಕ್ಕು ಸಿಗುತ್ತದೋ? ಬಾಯಿಮಾತು ಬೇಡ, ಕಾಗದ ತೋರಿಸಲಿ. ಮದುವೆಯನ್ನು ಇಲ್ಲಿಯೇ ನೋಂದಣಿ ಮಾಡಿಸಿ. ಮಗಳ ಪಾಸ್‌ಪೋರ್ಟ್, ವೀಸಾ, ಮದುವೆ ಪತ್ರ, ಓದಿನ ಅಂಕಪಟ್ಟಿ, ಗಂಡನ ಅರ್ಜಿಯ ಸಂಖ್ಯೆ, ಎಲ್ಲದರ ಒಂದೊಂದು ಪ್ರತಿ ತವರಿನಲ್ಲಿರಲಿ. ಪಾಸ್‌ಪೋರ್ಟನ್ನು ಯಾರಿಗೂ ಇಟ್ಟುಕೊಳ್ಳಲು ಕೊಡಬಾರದೆಂದು ಮಗಳಿಗೆ ಹೇಳಿ. ಅಲ್ಲಿ ಏಟು ಬಿದ್ದರೆ 911ಕ್ಕೆ ಫೋನು ಮಾಡಲಿ. ಭಾರತದ ರಾಯಭಾರ ಕಚೇರಿಗಳಲ್ಲಿ ಕಷ್ಟದಲ್ಲಿರುವವರ ನೆರವಿಗೆ 2009ರಿಂದ ಒಂದು ನಿಧಿಯಿದೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಹೊರದೇಶದ ಮದುವೆಗಳ ದೂರಿಗೆಂದೇ 2009ರಿಂದ ಒಂದು ವಿಭಾಗವಿದೆ. ಇಲ್ಲಿ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ರಕ್ಷಣಾಧಿಕಾರಿ. ಹೆಣ್ಣುಮಕ್ಕಳಿಗೆ ಉಚಿತ ವಕೀಲರ ನೆರವು ಬೇಕಾದರೆ 15100, ಮಹಿಳಾ ಸಹಾಯವಾಣಿ 181.

ಒಂದು ಎಚ್ಚರಿಕೆ. ಅಲ್ಲಿ ಹುಟ್ಟಿದ ಮಗುವನ್ನು ವಕೀಲರನ್ನು ಕೇಳದೆ ಎತ್ತಿಕೊಂಡು ಬರಬೇಡಿ ಎನ್ನಿ. ಗಂಡ ಮಗುವಿನ ಅಪಹರಣವೆಂದು ದೂರು ಕೊಡಬಹುದು.

ಕೊನೆಯದಾಗಿ ಸಂಘದ ಮಾತು. ಮದುವೆಗೆಂದು ಸಾಲದ ಅರ್ಜಿ ಬಂದಾಗ, 'ಇದರಲ್ಲಿ ಎಷ್ಟು ಹುಡುಗನ ಮನೆಗೆ ಹೋಗುತ್ತೆ?' ಎಂದು ಸಭೆಯಲ್ಲೇ ಕೇಳಿ. ವರದಕ್ಷಿಣೆಗೆ ಸಾಲವಿಲ್ಲ ಎಂದು ನಡವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅದೇ ಹಣವನ್ನು ಮಗಳ ಓದಿಗೆ ಕೇಳಿದರೆ ಮೊದಲ ಸರದಿ ಅವಳದಾಗಲಿ. ನನ್ನ ವಿದ್ಯಾರ್ಥಿನಿಗೆ ಕೊನೆಗೆ ಕೆಲಸಕ್ಕೆ ಬಂದದ್ದು ಅವಳ ಅಂಕಪಟ್ಟಿ. ತೋಟ ಮಾರಿ ಕೊಟ್ಟ ಬಂಗಾರ ಬರಲಿಲ್ಲ.

ನಮ್ಮಲ್ಲಿ ಹೆಣ್ಣುಮಕ್ಕಳು ಯಾವಾಗಲೂ ಒಂದು 'ಆಗಲಿ'ಗೆ ಕಾಯುತ್ತಾರೆ. ಮಗ ಹುಟ್ಟಲಿ, ಮಕ್ಕಳು ದೊಡ್ಡವರಾಗಲಿ, ಮಗಳ ಮದುವೆಯಾಗಲಿ. 'ಗ್ರೀನ್ ಕಾರ್ಡ್ ಬರಲಿ' ಎಂಬುದು ಅದರ ಹೊಸ ರೂಪ. ನಿಮ್ಮ ಮಗಳು ಫೋನಿನಲ್ಲಿ ಹಾಗೆಂದರೆ, ಆ ತಾಯಿಯ ಹಾಗೆ ಬಾಯಿ ಮುಚ್ಚಿಕೊಳ್ಳಬೇಡಿ, ನನ್ನ ಹಾಗೆ ಕೇಳದೆಯೂ ಇರಬೇಡಿ. 'ಕಾಗದ ಯಾರ ಹೆಸರಿನಲ್ಲಿದೆ ಮಗಳೇ? ಬರುವವರೆಗೆ ನೀನು ಹೇಗಿದ್ದೀಯ?' ಎಂದು ಕೇಳಿ. ಅವಳು ಸುಮ್ಮನಾದರೆ ಮಾರನೆಯ ದಿನ ಮತ್ತೆ ಕೇಳಿ.