ವಿದ್ಯಾಜಾಲವೂ ಕಾಲುವೆಯ ಕೊನೆಯ ಹೊಲವೂ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



 ಪಾಠಶಾಲೆಯಲ್ಲಿ ವ್ಯಾಕರಣ-ಶಾಸ್ತ್ರಗಳನ್ನು ಓದಿ, ಓಲೆಗರಿಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದ ನಾನು, ವಿಶ್ವವಿದ್ಯಾನಿಲಯಗಳನ್ನು ಒಂದುಗೂಡಿಸುವ ಅತಿವೇಗದ ಜಾಲದ ವಿಷಯವಾಗಿ ಮಾತಾಡಲು ನಿಂತದ್ದು ಕೆಲವರಿಗೆ ಸೋಜಿಗವೆನಿಸೀತು. ಆದರೆ ಈ ವಿಷಯವು ನನ್ನ ಬಳಿಗೆ ಬಂದದ್ದು ಓಲೆಗರಿಯ ದಾರಿಯಿಂದಲೇ.

ಕೆಲವು ವರುಷಗಳ ಹಿಂದೆ ನಮ್ಮಲ್ಲಿಯ ಒಂದು ಓಲೆಯ ಕಟ್ಟಿನ ನಡುವಣ ಗರಿಗಳನ್ನು ಗೆದ್ದಲು ತಿಂದು, ಪಾಠವು ತುಂಡಾಗಿತ್ತು. ಅದೇ ಗ್ರಂಥದ ಮತ್ತೊಂದು ಪ್ರತಿಯು ದೂರದ ಒಂದು ಗ್ರಂಥಾಲಯದಲ್ಲಿರುವದೆಂದು ತಿಳಿದು ಪತ್ರ ಬರೆಯಲು, ಅವರು ಗರಿಗಳ ಛಾಯಾಚಿತ್ರಗಳನ್ನು ಜಾಲದ ಮೂಲಕ ಕಳುಹಲು ಸಮ್ಮತಿಸಿದರು. ನಾನು ಇಲ್ಲಿ ರಾತ್ರಿಯಿಡೀ ಕಾದೆನು. ನಸುಕಿನಲ್ಲಿ ಸಂಪರ್ಕವು ಕಡಿಯಿತು. ಮತ್ತೆ ಮೊದಲಿನಿಂದ ಆರಂಭ. ಹೀಗೆ ಮೂರು ರಾತ್ರಿಗಳಾದ ಮೇಲೆ ರೈಲು ಹತ್ತಿ ಹೋಗಿ, ಕೈಯಿಂದಲೇ ನಕಲು ಮಾಡಿಕೊಂಡು ಬಂದೆನು. ಅಲ್ಲಿಯ ಪಂಡಿತರೊಬ್ಬರು ಅದೇ ಚಿತ್ರಗಳನ್ನು ಒಂದು ಬಟ್ಟಲು ಚಹಾ ಮುಗಿಯುವದರೊಳಗೆ ತಮ್ಮ ಯಂತ್ರಕ್ಕೆ ಇಳಿಸಿಕೊಂಡುದನ್ನು ಕಂಡಾಗ, ಮಠದ ಅನ್ನವುಂಡವನಿಗೆ ಬರಬಾರದ ಅಸೂಯೆಯು ನನಗೆ ಬಂದಿತೆಂದು ಒಪ್ಪಿಕೊಳ್ಳುತ್ತೇನೆ.

ಈ ಅಂತರವು ಎಷ್ಟೆಂಬುದನ್ನು ಲೆಕ್ಕದಿಂದಲೇ ತೋರಿಸುವೆನು. ಓಲೆಗರಿಯ ಒಂದು ಬದಿಯನ್ನು ಅಕ್ಷರದ ಗೀರುಗಳೆಲ್ಲ ಕಾಣುವಂತೆ ಚಿತ್ರಿಸಿದರೆ ಅದು ಸುಮಾರು ೮೦ ಕೋಟಿ ಬಿಟ್ಟುಗಳಷ್ಟು ಆಗಬಹುದು. ೨೦೦ ಗರಿಗಳ ಕಟ್ಟಿಗೆ ಎರಡೂ ಬದಿ ಸೇರಿ ೪೦೦ ಚಿತ್ರಗಳು; ಒಟ್ಟು ೩೨,೦೦೦ ಕೋಟಿ ಬಿಟ್ಟುಗಳು. ಸೆಕೆಂಡಿಗೆ ೧೦ ಲಕ್ಷ ಬಿಟ್ಟುಗಳನ್ನು ಸಾಗಿಸುವ ದಾರಿಯಲ್ಲಿ, ಎಲ್ಲಿಯೂ ಕಡಿಯದಿದ್ದರೂ, ಇದಕ್ಕೆ ಮೂರೂಮುಕ್ಕಾಲು ದಿನ ಹತ್ತುವದು. ಸೆಕೆಂಡಿಗೆ ೧೦೦ ಕೋಟಿ, ಅಂದರೆ ಒಂದು ಗಿಗಾಬಿಟ್, ಸಾಗಿಸುವ ದಾರಿಯಲ್ಲಿ ಐದಾರು ನಿಮಿಷ ಸಾಕು.

ಈ ದಾರಿಯನ್ನು ವಿದ್ಯಾವಂತರೇ ಮೊದಲು ತಮಗಾಗಿ ಕಟ್ಟಿಕೊಂಡರು. ಅಮೇರಿಕೆಯಲ್ಲಿ ೧೯೬೯ರಲ್ಲಿ ನಾಲ್ಕು ವಿದ್ಯಾ-ಸಂಶೋಧನಾ ಸ್ಥಾನಗಳ ಗಣಕಯಂತ್ರಗಳನ್ನು ಕೂಡಿಸಿದುದೇ ಇದರ ಬೀಜ. ನಮ್ಮ ದೇಶದಲ್ಲಿ ೧೯೮೬ರಲ್ಲಿ ‘ಅರ್ನೆಟ್’ ಎಂಬ ವಿದ್ಯಾ-ಸಂಶೋಧನಾ ಜಾಲವು ಎಂಟು ಸಂಸ್ಥೆಗಳಿಂದ ಮೊದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅವುಗಳಲ್ಲಿ ಒಂದು. ಜ್ಞಾನ ಆಯೋಗದ ಸೂಚನೆಯ ಮೇರೆಗೆ ಕೇಂದ್ರ ಸರಕಾರವು ೨೦೧೦ನೆಯ ಮಾರ್ಚಿಯಲ್ಲಿ ೫,೯೯೦ ಕೋಟಿ ರೂಪಾಯಿಗಳ ‘ರಾಷ್ಟ್ರೀಯ ಜ್ಞಾನಜಾಲ’ಕ್ಕೆ ಮಂಜೂರಾತಿಯಿತ್ತಿತು. ಕೂದಲೆಳೆಯಷ್ಟು ತೆಳುವಾದ ಗಾಜಿನ ನೂಲಿನೊಳಗೆ ಬೆಳಕಿನ ಮಿಣುಕುಗಳಾಗಿ ಅಕ್ಷರಗಳು ಓಡುವವು. ಸುರಪುರ ಸೀಮೆಯ ಮುದನೂರಿನಲ್ಲಿ ಹುಟ್ಟಿ ಮಗ್ಗದ ಕಾಯಕ ಮಾಡಿದ ದಾಸಿಮಯ್ಯನವರ ನಾಡಿನವರಿಗೆ ಎಳೆ ಕೂಡಿಸುವ ಕೆಲಸದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಪೇಟೆಯ ಜನರೆಲ್ಲ ಬಳಸುವ ಜಾಲವಿರುವಾಗ ವಿದ್ಯೆಗೆ ಬೇರೊಂದೇಕೆ ಎಂದು ಕೇಳುವವರುಂಟು. ಪೇಟೆಯ ದಾರಿಯಲ್ಲಿ ಸಂತೆಯ ದಿನ ಬಂಡಿ ನಿಲ್ಲುವದು. ಖಗೋಲಜ್ಞನ ದೂರದರ್ಶಕದಿಂದ ಬರುವ ರಾಶಿಯೂ, ಹವಾಮಾನಶಾಸ್ತ್ರಜ್ಞನ ಗಣಿತವೂ ಹಾಗೆ ನಿಂತರೆ ಕೆಲಸ ಕೆಡುವದು. ಇಷ್ಟು ಸಾಕು, ಈ ಪ್ರಶ್ನೆಯು ನನಗೆ ಅಷ್ಟೇನೂ ಕಠಿಣವೆನಿಸಿಲ್ಲ.

ಕಠಿಣವಾದದ್ದು ಬೇರೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆಯ ಕಾಲುವೆ ಬಂದ ಬಗೆಯನ್ನು ತಾವೆಲ್ಲರೂ ಬಲ್ಲಿರಿ. ಮುಖ್ಯ ಕಾಲುವೆ, ಅದರಿಂದ ಶಾಖೆ, ಶಾಖೆಯಿಂದ ವಿತರಣಾ ಕಾಲುವೆ, ಅದರಿಂದ ಹೊಲಗಾಲುವೆ. ತುಂಬಿದ ಮುಖ್ಯ ಕಾಲುವೆಯನ್ನು ನೋಡಿ ದೊಡ್ಡವರು ಸಂತೋಷಪಡುವರು. ಕೊನೆಯ ಹೊಲದವನು ಮಾತ್ರ ಸಲಿಕೆ ಹಿಡಿದು ಇರುಳೆಲ್ಲ ಕಾಯುವನು. ಜ್ಞಾನಜಾಲದ ಗತಿಯೂ ಇದೇ. ಹೆಗ್ಗಾಲುವೆಯು ದಿಲ್ಲಿ, ಮುಂಬಯಿ, ಬೆಂಗಳೂರುಗಳ ನಡುವೆ ತುಂಬಿ ಹರಿಯುವದು. ವಿಶ್ವವಿದ್ಯಾನಿಲಯಗಳಿಗೆ ಒಂದು ಗಿಗಾಬಿಟ್ ಕೊಡಬೇಕೆಂಬ ಸಂಕಲ್ಪವು ೨೦೦೯ರ ಶಿಕ್ಷಣ ಯೋಜನೆಯಲ್ಲಿಯೇ ಇತ್ತು. ಗ್ರಾಮ ಪಂಚಾಯತಿಗಳಿಗೆ ಗಾಜಿನ ನೂಲನ್ನು ಒಯ್ಯುವ, ಈಗ ‘ಭಾರತ್‌ನೆಟ್’ ಎಂಬ ಹೆಸರಿನ ಯೋಜನೆಯು ೨೦೧೧ರಲ್ಲಿ ಹುಟ್ಟಿತು. ಆದರೆ ಕೊನೆಯ ಮಾರಿನಷ್ಟು ಕಾಲುವೆಯನ್ನು ಅಗೆಯದಿದ್ದರೆ ಹಿಂದಿನ ನೂರು ಹರದಾರಿಯೂ ಆ ಹೊಲಕ್ಕೆ ಇಲ್ಲದಂತೆಯೇ.

ಇಲ್ಲಿ ಉಪಮಾನವು ಒಂದು ಕಡೆ ಮುರಿಯುವದು. ಮುರಿಯುವಲ್ಲಿಯೇ ನನ್ನ ಮುಖ್ಯ ಮಾತಿರುವದು. ಕಾಲುವೆಯ ನೀರು ಕೆಳಗೆ ಮಾತ್ರ ಹರಿಯುವದು. ಈ ಜಾಲದಲ್ಲಿ ಕೊನೆಯ ಹೊಲದಿಂದಲೂ ಮೇಲಕ್ಕೆ ಹರಿವುಂಟು. ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದ ಸುತ್ತಣ ಕರಿಯ ಮಣ್ಣಿನ ಸಮಾಚಾರವು ಬೆಂಗಳೂರಿನಲ್ಲಿ ಹುಟ್ಟಲಾರದು, ಇಲ್ಲಿಂದಲೇ ಹೋಗಬೇಕು. ನಮ್ಮ ಓಲೆಗಳೂ ಹಾಗೆಯೇ. ಡಾಕ್ಟರ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮಠಗಳ ಕಟ್ಟುಗಳನ್ನು ಅರಸಿ, ೧೯೨೩ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ಆ ಕಟ್ಟುಗಳು ಇದ್ದದ್ದು ರಾಜಧಾನಿಯಲ್ಲಲ್ಲ, ದೇವರ ಜಗಲಿಯ ಮೇಲೆ. ಆದುದರಿಂದ ನಾವು ಜಾಲವನ್ನು ಬೇಡುವದು ಭಿಕ್ಷೆಯ ಹಾಗಲ್ಲ. ಕೊಡಲು ನಮ್ಮಲ್ಲಿ ಪದಾರ್ಥವಿದೆ.

ಈ ಜಾಲವು ಉಚ್ಚ ವಿದ್ಯಾಸಂಸ್ಥೆಗಳಿಗೂ ಸಂಶೋಧನಾಲಯಗಳಿಗೂ ಮೀಸಲಾದುದರಿಂದ, ಮಠದ ಪಾಠಶಾಲೆಯು ಸಮೀಪದ ಯಾವುದಾದರೂ ವಿದ್ಯಾಲಯವನ್ನೇ ಬಾಗಿಲಾಗಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಚಿತ್ರಗಳನ್ನು ಒಂದು ಡಿಸ್ಕಿನಲ್ಲಿ ತುಂಬಿ, ಬಸ್ಸಿನಲ್ಲಿ ಕಲಬುರ್ಗಿಗೆ ಒಯ್ದು, ಅಲ್ಲಿಂದ ಕಳುಹುವದೇ ನಮ್ಮ ಸಂಪರ್ಕಕ್ಕಿಂತ ಶೀಘ್ರವಾದುದು. ನಗಬೇಡಿರಿ, ಮೇಲಿನ ಲೆಕ್ಕವನ್ನು ನೋಡಿರಿ. ಆದರೆ ಬಸ್ಸನ್ನೇ ನಂಬಿ ಕೂಡ್ರುವದು ನನಗೆ ಸಮ್ಮತವಿಲ್ಲ; ಕೊನೆಯ ಕಾಲುವೆಗಾಗಿ ಕೇಳುತ್ತಲೇ ಇರಬೇಕು.

ಜಾಲ ಬರುವವರೆಗೆ ಗೆದ್ದಲು ಕಾಯುವದಿಲ್ಲ. ಪಾಠಶಾಲೆಯ ಮೂಡಣ ಕೋಣೆಯನ್ನು ಶ್ರೀಗಳವರ ಅಪ್ಪಣೆಯಿಂದ ಈ ಕಾರ್ಯಕ್ಕೆ ತೆರವು ಮಾಡಿದೆ. ಯಾರ ಮನೆಯ ಜಗಲಿಯ ಮೇಲೆ ಓಲೆಯ ಕಟ್ಟುಗಳಿವೆಯೋ ಅವರು ಶ್ರಾವಣದೊಳಗಾಗಿ ತರಬೇಕು. ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಚಿತ್ರ ತೆಗೆದುಕೊಂಡು, ಕಟ್ಟನ್ನು ಅವರೆದುರಿಗೇ ಮರಳಿ ಕಟ್ಟಿ ಕೊಡಲಾಗುವದು. ದಾರ ಬಿಚ್ಚಬೇಡಿರಿ, ಬಿಸಿಲಿಗೆ ಒಡ್ಡಬೇಡಿರಿ; ಹೇಗಿದೆಯೋ ಹಾಗೆಯೇ ತನ್ನಿರಿ.